ತೆರೆದ ಹೊಟ್ಟೆಯ ರೋಗಿ: ಡ್ಯಾಮೇಜ್ ಕಂಟ್ರೋಲ್ ಸರ್ಜರಿಯ ನಂತರದ ದಿನಗಳನ್ನು ನಿಭಾಯಿಸುವುದು ಹೇಗೆ

ಮೈ ತಣ್ಣಗಾಗಿದೆ, ರಕ್ತ ಆಮ್ಲೀಯವಾಗಿದೆ, ಹೆಪ್ಪುಗಟ್ಟುವ ಶಕ್ತಿ ಕುಂದಿದೆ. ಈ ಮೂರೂ ಒಟ್ಟಿಗೆ ಬಂದ ರೋಗಿಯ ಕರುಳನ್ನು ನಾಜೂಕಾಗಿ ಜೋಡಿಸುತ್ತಾ ನಿಲ್ಲುವ ಹೊತ್ತು ಅದಲ್ಲ. ರಕ್ತ ನಿಲ್ಲಿಸಿ, ಮಲ ಸೋರದಂತೆ ಕರುಳಿನ ತುದಿಗಳನ್ನು ಸ್ಟೇಪ್ಲರ್‌ನಿಂದ ಮುಚ್ಚಿ, ರಕ್ತ ಒತ್ತಿಹಿಡಿಯುವ ಬಟ್ಟೆಯ ಪ್ಯಾಕ್ ಇಟ್ಟು, ಹೊಟ್ಟೆ ಹೊಲಿಯದೆ ಐಸಿಯುಗೆ ಕಳಿಸಬೇಕು. ಅರ್ಧಕ್ಕೇ ಆಪರೇಷನ್ ನಿಲ್ಲಿಸುವ ಈ ಕ್ರಮವನ್ನು ಸ್ಟೋನ್ ಮತ್ತು ಸಂಗಡಿಗರು 1983ರಲ್ಲಿ ವಿವರಿಸಿದರು. ಅದಕ್ಕೆ ಡ್ಯಾಮೇಜ್ ಕಂಟ್ರೋಲ್ ಎಂಬ ಹೆಸರು ನೆಲೆಯಾದದ್ದು 1993ರಲ್ಲಿ, ರೊಟೊಂಡೊ ಮತ್ತು ಶ್ವಾಬ್ ಅವರ ತಂಡದಿಂದ.

ಜೀವ ಉಳಿಸಲು ತೆರೆದಿಟ್ಟ ಹೊಟ್ಟೆ ತಾನೇ ಒಂದು ಗಾಯವೂ ಹೌದು. ಹೊಟ್ಟೆಯ ಪಕ್ಕದ ಸ್ನಾಯುಗಳು ಫೇಶಿಯಾದ (ಹೊಟ್ಟೆಯ ಗೋಡೆಯನ್ನು ಹಿಡಿದಿಡುವ ಗಟ್ಟಿ ಪದರ) ಅಂಚುಗಳನ್ನು ದಿನದಿನಕ್ಕೂ ಹೊರಕ್ಕೆ ಎಳೆಯುತ್ತವೆ. ಕರುಳು ಊದುತ್ತದೆ, ಆಮೇಲೆ ಹೊಟ್ಟೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಸುಮಾರು ಒಂದು ವಾರದೊಳಗೆ ಫೇಶಿಯಾ ಕೂಡಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಎಂಟನೇ ದಿನ ದಾಟಿದ ಮೇಲೆ ಸೋಂಕು, ಫಿಸ್ಟುಲಾ (ಕರುಳು ತೂತಾಗಿ ಹೊರಗೆ ಸೋರುವುದು), ದೊಡ್ಡ ಹರ್ನಿಯಾ ಒಂದರ ಹಿಂದೊಂದು ಬರುತ್ತವೆ. ಹಾಗಾಗಿ ಮುಂದೆ ಹೇಳುವ ಪ್ರತಿ ಹೆಜ್ಜೆಯಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಹೊಟ್ಟೆ ಮುಚ್ಚುವ ದಿನ ಹತ್ತಿರವಾಗುತ್ತದೆಯೋ, ದೂರವಾಗುತ್ತದೆಯೋ?

ತೆರೆದಿಡುವ ನಿರ್ಧಾರ, ಮತ್ತು ಮೊದಲ ಆಪರೇಷನ್‌ನಲ್ಲೇ ಮಾಡಿಡಬೇಕಾದ್ದು

ಪಿಎಚ್ 7.2ಕ್ಕಿಂತ ಕೆಳಗೆ, ಮೈಯೊಳಗಿನ ಉಷ್ಣತೆ 34–35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಹೊಲಿದ ಜಾಗದಿಂದಲೂ ಸೂಜಿ ಚುಚ್ಚಿದ ಜಾಗದಿಂದಲೂ ಒಸರುವ ರಕ್ತ: ಇವು ಕಂಡರೆ ಆಪರೇಷನ್ ನಿಲ್ಲಿಸುವ ಸಮಯ ಬಂದಿದೆ. ಹೊಟ್ಟೆಯೊಳಗೆ ಪ್ಯಾಕ್ ಇದ್ದರೆ, ಕರುಳಿನ ರಕ್ತಸಂಚಾರ ಅನುಮಾನವಿದ್ದು ಮತ್ತೆ ನೋಡಲೇಬೇಕಿದ್ದರೆ, ಅಥವಾ ಊದಿದ ಕರುಳನ್ನು ಒತ್ತಿ ಹೊಲಿದರೆ ಒಳಒತ್ತಡ ಏರುವಂತಿದ್ದರೆ ಆಗಲೂ ತೆರೆದಿಡಬೇಕು. ಇವು ಯಾವುವೂ ಇಲ್ಲದ ರೋಗಿಯ ಹೊಟ್ಟೆಯನ್ನು 'ಎಚ್ಚರಿಕೆಗಿರಲಿ' ಎಂದು ತೆರೆದಿಡುವುದು ತಪ್ಪು. ಅದರಿಂದ ಆತನಿಗೆ ಬರುವುದು ತೊಂದರೆಯೇ.

ತೆರೆದಿಡುವುದು ಖಚಿತವಾದ ಮೇಲೆ ಆ ಮೇಜಿನ ಮೇಲೆಯೇ ಕೆಲವು ಕೆಲಸ ಮುಗಿಸಿ. ಓಮೆಂಟಮ್ (ಕರುಳಿನ ಮುಂದೆ ಇಳಿಬಿದ್ದ ಕೊಬ್ಬಿನ ಪದರ) ಉಳಿದಿದ್ದರೆ ಕೆಳಕ್ಕೆಳೆದು ಕರುಳಿನ ಮೇಲೆ ಹೊದಿಸಿ. ಅದಕ್ಕಿಂತ ಒಳ್ಳೆಯ ಹೊದಿಕೆ ಯಾವ ಕಂಪನಿಯೂ ಮಾಡಿಲ್ಲ. ಫೇಶಿಯಾದ ಅಂಚಿಗೆ ಹೊಲಿಗೆ ಹಾಕಿ ಹರಿಯಬೇಡಿ, ಕೊನೆಯ ದಿನ ಬೇಕಾಗುವುದು ಅದೇ ಅಂಚು. ಸ್ಟೋಮಾ (ಕರುಳನ್ನು ಚರ್ಮಕ್ಕೆ ತೆರೆದಿಡುವ ಬಾಯಿ) ಮಾಡಲೇಬೇಕಿದ್ದರೆ ನಡುಗೆರೆಯ ಪಕ್ಕದ ರೆಕ್ಟಸ್ ಸ್ನಾಯುವಿನ ಹೊರಗೆ, ಸಾಧ್ಯವಾದಷ್ಟು ಪಕ್ಕಕ್ಕೆ ಇಡಿ. ನಡುಗೆರೆಯ ಹತ್ತಿರ ಇಟ್ಟರೆ ವ್ಯಾಕ್ಯೂಮ್ ಹೊದಿಕೆ ಅಂಟುವುದಿಲ್ಲ, ಮುಂದೆ ಸ್ನಾಯು ಪದರ ಬಿಡಿಸಿ ಮುಚ್ಚುವ ದಾರಿಯೂ ಕೆಡುತ್ತದೆ. ಆಹಾರದ ನಳಿಕೆಯನ್ನು ಹೊಟ್ಟೆಯ ಗೋಡೆಯ ಮೂಲಕ ಹಾಕಬೇಡಿ, ಮೂಗಿನಿಂದ ಜೆಜುನಮ್‌ವರೆಗೆ (ಸಣ್ಣ ಕರುಳಿನ ಮೇಲ್ಭಾಗ) ಇಳಿಸಿ.

ಒಳಗೆ ಬಿಟ್ಟ ಪ್ಯಾಕ್‌ಗಳ ಸಂಖ್ಯೆ ಮತ್ತು ಜಾಗವನ್ನು ಆಪರೇಷನ್ ಟಿಪ್ಪಣಿಯಲ್ಲೂ, ಐಸಿಯು ಚಾರ್ಟ್‌ನ ಮೊದಲ ಪುಟದಲ್ಲೂ ಬರೆಯಿರಿ. 'ಲಿವರ್ ಹಿಂದೆ 3, ಲಿವರ್ ಮುಂದೆ 2, ಎಡ ಮೇಲ್ಮೂಲೆ 2' ಎಂಬಷ್ಟು ಸ್ಪಷ್ಟವಾಗಿ. ಅವಸರದಲ್ಲಿ ನಡೆದ ಆಪರೇಷನ್‌ನಲ್ಲಿ ಸ್ಪಾಂಜ್ ಲೆಕ್ಕ ತಪ್ಪುವುದು ಬಹಳ ಸುಲಭ.

ತಾತ್ಕಾಲಿಕ ಹೊದಿಕೆ

ಬೊಗೊಟಾ ಬ್ಯಾಗ್ ಎಂದು ಹೆಸರಾದ ವಿಧಾನ 1984ರಲ್ಲಿ ಕೊಲಂಬಿಯಾದ ಓಸ್ವಾಲ್ಡೊ ಬೊರ್ರಾಯೆಸ್ ಅವರಿಂದ ಬಂತು. ಸ್ಟೆರೈಲ್ ದ್ರವದ ಚೀಲವನ್ನು ಬಿಡಿಸಿ ಗಾಯದ ಅಂಚಿಗೆ ಹೊಲಿಯುವುದು ಅಷ್ಟೆ. ಕೈಗೆ ಸಿಗುತ್ತದೆ, ಕರುಳಿನ ಬಣ್ಣ ಹೊರಗಿನಿಂದಲೇ ಕಾಣುತ್ತದೆ. ಆದರೆ ದ್ರವ ಹೊರಗೆ ಬರುವುದಿಲ್ಲ, ಫೇಶಿಯಾ ಸರಿಯುವುದನ್ನೂ ತಡೆಯುವುದಿಲ್ಲ. ಚರ್ಮವನ್ನಷ್ಟೇ ಕ್ಲಿಪ್ ಹಾಕಿ ಕೂಡಿಸಿದರೆ ಒಳಒತ್ತಡ ಏರುವ ಅಪಾಯ. ರೋಗಿಯನ್ನು ಬೇರೆ ಆಸ್ಪತ್ರೆಗೆ ಸಾಗಿಸುವ ಕೆಲವು ಗಂಟೆಗಳಿಗೆ ಇವೆರಡೂ ಆದೀತು. ಅದಕ್ಕಿಂತ ಹೆಚ್ಚು ಹೊತ್ತಿಗೆ ನೆಗೆಟಿವ್ ಪ್ರೆಶರ್ (ವ್ಯಾಕ್ಯೂಮ್‌ನಿಂದ ದ್ರವ ಹೀರುವ) ವಿಧಾನವೇ ಮೇಲು. ಎಬಿಥೆರಾದಂತಹ ಸಿದ್ಧ ಕಿಟ್ ಇದ್ದರೆ ಬಳಸಿ, ಅದನ್ನು ಸಾಮಾನ್ಯವಾಗಿ ಮೈನಸ್ 125 ಮಿ.ಮೀ. ಪಾದರಸದಲ್ಲಿ ಇಡುತ್ತಾರೆ. ಕಿಟ್ ಇಲ್ಲದ ಕಡೆ ಬಾರ್ಕರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ವ್ಯಾಕ್ಯೂಮ್ ಪ್ಯಾಕ್ ಅನ್ನು ಥಿಯೇಟರ್‌ನಲ್ಲಿರುವ ಸಾಮಾನಿನಿಂದಲೇ ಮಾಡಬಹುದು. ಎಲ್ಲ ಕಡೆ ಒದಗುವಂಥದ್ದು ಇದಾದ್ದರಿಂದ ಬಿಡಿಸಿ ಹೇಳುತ್ತೇವೆ.

ಬೇಕಾದವು: ಸ್ಟೆರೈಲ್ ಪಾಲಿಥೀನ್ ಹಾಳೆ ಒಂದು, ಆಪರೇಷನ್ ಟವೆಲ್ ಒಂದೆರಡು, 10 ಫ್ರೆಂಚ್ ಅಳತೆಯ ಚಪ್ಪಟೆ ಸಿಲಿಕೋನ್ ಡ್ರೈನ್ ಎರಡು, ಅಯೋಡಿನ್ ಲೇಪದ ದೊಡ್ಡ ಅಂಟುಹಾಳೆ, ವೈ ಆಕಾರದ ಕನೆಕ್ಟರ್, ಒತ್ತಡ ತೋರಿಸುವ ಗೋಡೆಯ ಸಕ್ಷನ್.

1. ಪಾಲಿಥೀನ್ ಹಾಳೆಯನ್ನು ಪಕ್ಕದ ಮೇಜಿನ ಮೇಲೆ ಹರಡಿ, ಒಂದೆರಡು ಸೆಂಟಿಮೀಟರ್ ಅಂತರದಲ್ಲಿ ಬ್ಲೇಡಿನಿಂದ ಸಣ್ಣ ಸಣ್ಣ ಸೀಳು ಹಾಕಿ. ಕರುಳಿನ ಮೇಲೆ ಹಾಸಿದ ಮೇಲೆ ಎಂದೂ ಸೀಳಬೇಡಿ.

2. ಹಾಳೆಯನ್ನು ಕರುಳು ಮತ್ತು ಹೊಟ್ಟೆಯ ಗೋಡೆಯ ನಡುವೆ ತೂರಿಸಿ. ಎರಡೂ ಪಕ್ಕ ಕೊಲೊನ್‌ನ ಹೊರಗಿನ ಕಣಿವೆಯವರೆಗೆ, ಮೇಲೆ ಡಯಾಫ್ರಾಮ್‌ನ ಕೆಳಗೆ, ಕೆಳಗೆ ಪೆಲ್ವಿಸ್‌ವರೆಗೆ ಹೋಗಬೇಕು. ಈ ಒಂದು ಹೆಜ್ಜೆಯೇ ಇಡೀ ಹೊದಿಕೆಯ ಜೀವಾಳ. ಹಾಳೆ ಅಂಚಿನ ಹತ್ತಿರವೇ ನಿಂತರೆ ಕರುಳು ಪಕ್ಕದ ಗೋಡೆಗೆ ಅಂಟುತ್ತದೆ, ಅಂಟಿದ ಗೋಡೆ ನಡುಗೆರೆಗೆ ಎಳೆದರೂ ಬರುವುದಿಲ್ಲ. ಐದನೇ ದಿನ ಮುಚ್ಚಲಾಗದ ಎಷ್ಟೋ ಹೊಟ್ಟೆಗಳು ಮೊದಲ ದಿನ ಹಾಳೆ ಗಿಡ್ಡವಾಗಿದ್ದ ಹೊಟ್ಟೆಗಳು.

3. ಸಲೈನ್‌ನಲ್ಲಿ ಅದ್ದಿ ಹಿಂಡಿದ ಟವೆಲನ್ನು ಮಡಚಿ ಹಾಳೆಯ ಮೇಲೆ, ಗಾಯದೊಳಗೆ, ಚರ್ಮದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಕೂರಿಸಿ. ಟವೆಲ್ ಆಗಲಿ, ಸ್ಪಾಂಜ್ ಆಗಲಿ ಕರುಳಿಗೆ ನೇರವಾಗಿ ತಾಗಲೇಕೂಡದು. ತಾಗಿದ ಜಾಗ ಒಣಗಿ, ಕಿತ್ತಾಗ ಹರಿದು, ಫಿಸ್ಟುಲಾ ಆಗುತ್ತದೆ. ಟವೆಲ್‌ಗೆ ಎಕ್ಸ್‌ರೇಯಲ್ಲಿ ಕಾಣುವ ಗುರುತು ಇರುವುದಿಲ್ಲವಾದ್ದರಿಂದ ಅದನ್ನೂ ಎಣಿಸಿ ಬರೆದಿಡಿ.

4. ಎರಡು ಡ್ರೈನ್‌ಗಳನ್ನು ಟವೆಲ್ ಮೇಲೆ ಗಾಯದ ಉದ್ದಕ್ಕೂ ಇಟ್ಟು, ತುದಿಗಳನ್ನು ಗಾಯದ ಮೇಲಿನ ಅಂಚಿನಿಂದ ಹೊರತನ್ನಿ.

5. ಸುತ್ತಲ ಚರ್ಮವನ್ನು ಒರೆಸಿ, ಪೂರ್ತಿ ಒಣಗಲು ಬಿಡಿ. ಒದ್ದೆ ಚರ್ಮಕ್ಕೆ ಅಂಟುಹಾಳೆ ಹಿಡಿಯದು. ಅಂಚಿನಿಂದ ಕನಿಷ್ಠ ಒಂದು ಗೇಣು ಆಚೆಯವರೆಗೆ ಹಾಳೆ ಹಾಕಿ. ಸೋರುವುದು ಹೆಚ್ಚಾಗಿ ಪ್ಯೂಬಿಸ್ ಮೂಳೆಯ ಮೇಲೆ, ತೊಡೆಸಂದಿನ ಮಡಿಕೆಯಲ್ಲಿ, ಡ್ರೈನ್ ಹೊರಬರುವ ಜಾಗದಲ್ಲಿ. ಡ್ರೈನ್ ಸುತ್ತ ಹಾಳೆಯನ್ನು ಚಿವುಟಿ ಗೋಪುರದಂತೆ ಕೂಡಿಸಿ.

6. ಕನೆಕ್ಟರ್ ಮೂಲಕ 100–150 ಮಿ.ಮೀ. ಪಾದರಸದ ನಿರಂತರ ಸಕ್ಷನ್ ಕೊಡಿ. ಟವೆಲ್ ಗಟ್ಟಿಯಾಗಿ ಕೆಳಗಿಳಿಯಬೇಕು, ಹಾಳೆ ಬಿಗಿಯಬೇಕು. ರಕ್ತ ಇನ್ನೂ ಒಸರುತ್ತಿರುವ ರೋಗಿಗೆ ಮೊದಲ ಗಂಟೆಗಳಲ್ಲಿ 50–75ರಲ್ಲಿಟ್ಟು, ಹೆಪ್ಪುಗಟ್ಟುವಿಕೆ ಸುಧಾರಿಸಿದ ಮೇಲೆ ಏರಿಸುವುದು ಕ್ಷೇಮ.

ಐಸಿಯುವಿನಲ್ಲಿ ಈ ಹೊದಿಕೆ ಉಬ್ಬಿ ಮೆತ್ತಗಾದರೆ ಎಲ್ಲೋ ಗಾಳಿ ಹೋಗಿದೆ ಅಥವಾ ನಳಿಕೆಯಲ್ಲಿ ರಕ್ತದ ಗೆಡ್ಡೆ ಸಿಕ್ಕಿದೆ ಎಂದರ್ಥ. ಸ್ಕ್ಯಾನ್‌ಗೆ ಕರೆದೊಯ್ಯುವಾಗ ಸಕ್ಷನ್ ಕಳಚಿ ಮರೆತುಬಿಡುವುದು ಇನ್ನೊಂದು ಸಾಮಾನ್ಯ ತಪ್ಪು. ಸಾಗಾಣಿಕೆಗೆಂದು ಪೋರ್ಟಬಲ್ ಸಕ್ಷನ್ ಒಂದನ್ನು ಮೊದಲೇ ಗೊತ್ತು ಮಾಡಿಡಿ.

ಐಸಿಯುವಿನ ಮೊದಲ 24 ಗಂಟೆ

ಇಲ್ಲಿ ಗುರಿ ಸರಳ: ರೋಗಿಯನ್ನು ಮತ್ತೆ ಆಪರೇಷನ್‌ಗೆ ಯೋಗ್ಯನನ್ನಾಗಿ ಮಾಡುವುದು, ಅದೂ ಊದಿಸದೆ.

ಉಷ್ಣತೆ 36 ಡಿಗ್ರಿಗೆ ಏರಲಿ. ಬಿಸಿಗಾಳಿಯ ಹೊದಿಕೆ, ರಕ್ತ ಮತ್ತು ದ್ರವ ಬೆಚ್ಚಗೆ ಮಾಡುವ ಯಂತ್ರ, ವೆಂಟಿಲೇಟರ್‌ಗೆ ಬಿಸಿ ತೇವಾಂಶದ ಸಾಧನ ಮೂರನ್ನೂ ಒಟ್ಟಿಗೆ ಬಳಸಿ. ಹೊಟ್ಟೆ ತೆರೆದಿರುವುದರಿಂದ ಶಾಖ ಅಲ್ಲಿಂದಲೇ ಹೋಗುತ್ತಿರುತ್ತದೆ, ಒದ್ದೆಯಾದ ಬೆಡ್‌ಶೀಟ್ ಕೂಡ ಮೈ ತಣ್ಣಗೆ ಮಾಡುತ್ತದೆ. ರಕ್ತಸ್ರಾವ ನಡೆಯುತ್ತಿರುವಷ್ಟು ಹೊತ್ತು ಕೆಂಪು ರಕ್ತಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಮೂರನ್ನೂ 1:1:1ರ ಆಸುಪಾಸಿನಲ್ಲಿ ಕೊಡಿ. ರಕ್ತದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಮಿಕ್ ಆಮ್ಲ ಕೊಡುವುದಾದರೆ ಗಾಯವಾದ 3 ಗಂಟೆಯೊಳಗೇ: 1 ಗ್ರಾಂ 10 ನಿಮಿಷದಲ್ಲಿ, ಆಮೇಲೆ 1 ಗ್ರಾಂ 8 ಗಂಟೆಯಲ್ಲಿ. ಆ ಹೊತ್ತು ಮೀರಿ ಶುರು ಮಾಡಿದರೆ ಉಪಕಾರಕ್ಕಿಂತ ಅಪಾಯ ಹೆಚ್ಚು ಎಂದು ಕ್ರ್ಯಾಶ್-2 ಎಂಬ ಚಿಕಿತ್ಸಾ ಪರೀಕ್ಷೆ ತೋರಿಸಿದೆ. ರಕ್ತದ ಚೀಲದಲ್ಲಿನ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ಅಯಾನಿಕ ಕ್ಯಾಲ್ಸಿಯಂ 1.1 ಮಿಲಿಮೋಲ್‌ಗಿಂತ ಇಳಿಯದಂತೆ ನೋಡಿಕೊಳ್ಳಿ.

ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್ ಅನ್ನು ಲೀಟರ್‌ಗಟ್ಟಲೆ ಸುರಿಯಬೇಡಿ. ಇಂಥ ದ್ರವ (ಕ್ರಿಸ್ಟಲಾಯ್ಡ್) ಅತಿಯಾದರೆ ಕರುಳಿನ ಗೋಡೆಗೇ ಹೋಗಿ ನಿಲ್ಲುತ್ತದೆ. ಎರಡು ದಿನದ ಮೇಲೆ 'ಕರುಳು ತುಂಬಾ ಊದಿದೆ, ಮುಚ್ಚಲಾಗದು' ಎಂದು ಥಿಯೇಟರ್‌ನಲ್ಲಿ ಆಡುವ ಮಾತಿನ ಮೂಲ ಎಷ್ಟೋ ಸಲ ಮೊದಲ ರಾತ್ರಿಯ ದ್ರವದ ಚಾರ್ಟ್‌ನಲ್ಲಿರುತ್ತದೆ. ರಕ್ತದ ಲ್ಯಾಕ್ಟೇಟ್ (ಅಂಗಾಂಶಗಳಿಗೆ ರಕ್ತ ಸಾಲದಾಗ ಏರುವ ವಸ್ತು) ಇಳಿಯುತ್ತಿದೆ, ಮೂತ್ರ ಬರುತ್ತಿದೆ ಎಂದರೆ ದ್ರವ ಕೊಡುವುದರಲ್ಲಿ ಕೈ ಬಿಗಿಹಿಡಿಯಿರಿ. ರೋಗಿ ಸ್ಥಿರವಾದ ಮೇಲೆ ಹೆಚ್ಚುವರಿ ದ್ರವವನ್ನು ಮೂತ್ರವರ್ಧಕದಿಂದ ಹೊರಹಾಕುವುದನ್ನು ಯೋಚಿಸಿ.

ಸಕ್ಷನ್ ಡಬ್ಬಿಯನ್ನು ಗಂಟೆಗೊಮ್ಮೆ ನೋಡಿ. ತಿಳಿ ಕೆಂಪು ಅಥವಾ ಹುಲ್ಲುಬಣ್ಣದ ನೀರು ಬರುವುದು ಸಹಜ. ಮೈ ಬೆಚ್ಚಗಾಗಿ, ಹೆಪ್ಪುಗಟ್ಟುವಿಕೆ ಸರಿಯಾದ ಮೇಲೂ ಹಸಿ ರಕ್ತ ಬರುತ್ತಲೇ ಇದ್ದರೆ ಅದು ಕಟ್ಟದೆ ಉಳಿದ ರಕ್ತನಾಳ. ಪ್ಲಾಸ್ಮಾ ಕೊಟ್ಟು ಕಾಯುತ್ತಾ ಕೂರದೆ ಥಿಯೇಟರ್‌ಗೆ ಒಯ್ಯಿರಿ, ಇಲ್ಲವೇ ಆಂಜಿಯೋಗ್ರಫಿಯಲ್ಲಿ ನಾಳ ಮುಚ್ಚಿಸಿ. ಹಸಿರು ಅಥವಾ ಮಲದ ಬಣ್ಣ ಕಂಡರೆ ಕರುಳು ಸೋರುತ್ತಿದೆ. ಡಬ್ಬಿಯ ಬಣ್ಣ ಬದಲಾದದ್ದನ್ನು ಮೊದಲು ಕಾಣುವುದು ನರ್ಸ್. ಅವರು ಕರೆದ ಕೂಡಲೇ ಬಂದು ನೋಡುವುದು ಸರ್ಜನ್‌ನ ಕರ್ತವ್ಯ.

ಹೊಟ್ಟೆ ತೆರೆದಿದೆ ಎಂಬ ಒಂದೇ ಕಾರಣಕ್ಕೆ ರೋಗಿಯನ್ನು ಸ್ನಾಯು ನಿಶ್ಚೇಷ್ಟಗೊಳಿಸಿ ಇಡಬೇಕಾಗಿಲ್ಲ. ಹಾಸಿಗೆಯ ತಲೆಭಾಗ 30 ಡಿಗ್ರಿ ಏರಿಸಿ, ಪಕ್ಕಕ್ಕೆ ಹೊರಳಿಸಿ, ಬೇರೆ ಕಾರಣವಿಲ್ಲದಿದ್ದರೆ ವೆಂಟಿಲೇಟರ್‌ನಿಂದ ಬಿಡಿಸಲೂಬಹುದು. ಆಂಟಿಬಯಾಟಿಕ್ ಕೂಡ ಹಾಗೆಯೇ: ಗಾಯಕ್ಕೆಂದು ಕೊಟ್ಟದ್ದನ್ನು 24 ಗಂಟೆಗೆ ನಿಲ್ಲಿಸಿ. ಹೊಟ್ಟೆ ಮುಚ್ಚುವವರೆಗೂ ಎಳೆಯಬೇಡಿ. ಸೋಂಕು ಸಾಬೀತಾದರೆ ಆ ಮಾತು ಬೇರೆ.

ಒಳಒತ್ತಡ ಅಳೆಯುವುದು

ತೆರೆದ ಹೊಟ್ಟೆಯಲ್ಲೂ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ (ಒಳಒತ್ತಡ ಏರಿ ಅಂಗಗಳು ಕೆಲಸ ಕೆಡುವುದು) ಆಗುತ್ತದೆ. ಹೊದಿಕೆ ಬಿಗಿಯಾದರೆ, ಒಳಗೆ ರಕ್ತ ತುಂಬಿದರೆ, ಪ್ಯಾಕ್ ಹೆಚ್ಚಾದರೆ ಒತ್ತಡ ಏರುತ್ತದೆ. ಆದ್ದರಿಂದ 4–6 ಗಂಟೆಗೊಮ್ಮೆ ಮೂತ್ರಕೋಶದ ಮೂಲಕ ಅಳೆಯಿರಿ.

ರೋಗಿಯನ್ನು ಪೂರ್ತಿ ಅಂಗಾತ, ಸಮತಟ್ಟಾಗಿ ಮಲಗಿಸಿ. ಮೂತ್ರದ ನಳಿಕೆಯನ್ನು ಸ್ಯಾಂಪಲ್ ಪೋರ್ಟ್‌ನ ಆಚೆ ಕ್ಲ್ಯಾಂಪ್ ಮಾಡಿ, ಪೋರ್ಟ್‌ನಿಂದ 25 ಮಿ.ಲೀ. ಸ್ಟೆರೈಲ್ ಸಲೈನ್ ಒಳಬಿಡಿ, ಅದಕ್ಕಿಂತ ಹೆಚ್ಚು ಬೇಡ. ಮೂತ್ರಕೋಶದ ಸ್ನಾಯು ಸಡಿಲಗೊಳ್ಳಲು ಅರ್ಧದಿಂದ ಒಂದು ನಿಮಿಷ ಕಾಯಿರಿ. ಕಂಕುಳ ನಡುಗೆರೆ ಸೊಂಟದ ಮೂಳೆಯ ಏಣನ್ನು ಸಂಧಿಸುವ ಮಟ್ಟದಲ್ಲಿ ಟ್ರಾನ್ಸ್‌ಡ್ಯೂಸರ್ ಅನ್ನು ಸೊನ್ನೆಗೆ ತಂದು, ಉಸಿರು ಹೊರಬಿಟ್ಟ ಕೊನೆಯಲ್ಲಿ ಓದಿ. ಟ್ರಾನ್ಸ್‌ಡ್ಯೂಸರ್ ಇಲ್ಲದಿದ್ದರೆ ನಳಿಕೆಯನ್ನು ನೆಟ್ಟಗೆ ಎತ್ತಿ ಹಿಡಿದು, ಅದೇ ಮಟ್ಟದಿಂದ ನೀರಿನ ಎತ್ತರ ಅಳೆದು 1.36ರಿಂದ ಭಾಗಿಸಿ. 27 ಸೆಂಟಿಮೀಟರ್ ನೀರೆಂದರೆ ಸುಮಾರು 20 ಮಿ.ಮೀ. ಪಾದರಸ.

12 ಅಥವಾ ಅದಕ್ಕಿಂತ ಹೆಚ್ಚು ನಿಂತರೆ ಒತ್ತಡ ಏರಿದೆ ಎನ್ನುತ್ತೇವೆ. 20ಕ್ಕಿಂತ ಮೇಲೆ ನಿಂತು, ಜೊತೆಗೆ ಮೂತ್ರ ಕಡಿಮೆಯಾಗುವುದು, ಉಸಿರಾಟದ ಒತ್ತಡ ಏರುವುದು, ರಕ್ತದೊತ್ತಡ ಕುಸಿಯುವುದು ಹೊಸದಾಗಿ ಕಂಡರೆ ಅದೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಕೂಡಲೇ ಹೊದಿಕೆ ಬಿಚ್ಚಿ ಸಡಿಲಿಸಿ. ರೋಗಿ ಕೆಮ್ಮುವಾಗ, ತಿಣುಕುವಾಗ, ತಲೆದಿಂಬು ಏರಿಸಿದ್ದಾಗ ಅಳೆದ ಅಂಕಿ ಸುಳ್ಳು ಹೇಳುತ್ತದೆ. ಪೆಲ್ವಿಸ್‌ನಲ್ಲಿ ಪ್ಯಾಕ್ ಇದ್ದರೂ ಅಷ್ಟೆ.

ಆಹಾರ

ಕರುಳು ಒಂದೇ ನಾಳವಾಗಿ ಕೂಡಿದ್ದು, ರಕ್ತದೊತ್ತಡ ಏರಿಸುವ ಔಷಧಿ ಇಳಿಯುತ್ತಿದ್ದರೆ 24–48 ಗಂಟೆಯೊಳಗೆ ಗಂಟೆಗೆ 10–20 ಮಿ.ಲೀ.ನಂತೆ ನಳಿಕೆಯ ಆಹಾರ ಶುರು ಮಾಡಿ. ತುದಿ ಮುಚ್ಚಿ ಬಿಟ್ಟ ಕರುಳಿಗೆ ಮಾತ್ರ ಜೋಡಣೆ ಆಗುವವರೆಗೆ ಕೊಡಬೇಡಿ.

ಪ್ರೋಟೀನ್ ಲೆಕ್ಕದಲ್ಲಿ ಹೆಚ್ಚಿನವರು ಎಡವುತ್ತಾರೆ. ಹೊಟ್ಟೆಯಿಂದ ಹೋಗುವ ಪ್ರತಿ ಲೀಟರ್ ದ್ರವದಲ್ಲಿ ಸುಮಾರು 2 ಗ್ರಾಂ ಸಾರಜನಕ, ಅಂದರೆ 12–13 ಗ್ರಾಂ ಪ್ರೋಟೀನ್ ಹೋಗುತ್ತದೆ. ಅದಕ್ಕಾಗಿ ಲೀಟರಿಗೆ 15–30 ಗ್ರಾಂ ಹೆಚ್ಚುವರಿ ಸೇರಿಸಬೇಕು. 70 ಕಿಲೋ ತೂಕದವರಿಗೆ ದಿನಕ್ಕೆ ಕಿಲೋಗೆ 1.5–2 ಗ್ರಾಂನಂತೆ 105–140 ಗ್ರಾಂ. ದಿನಕ್ಕೆ 2 ಲೀಟರ್ ಸೋರುತ್ತಿದ್ದರೆ ಅದರ ಮೇಲೆ ಇನ್ನೂ 30–60 ಗ್ರಾಂ. ಡಬ್ಬಿಯ ಅಳತೆಯನ್ನು ದಿನವೂ ಡಯಟಿಷಿಯನ್‌ಗೆ ತಿಳಿಸಿ, ಇಲ್ಲವಾದರೆ ಈ ಪ್ರೋಟೀನ್ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಮನೆಯವರಿಗೆ ಹೇಳುವುದು

ಮೊದಲ ಭೇಟಿಗೆ ಮುಂಚೆಯೇ ಕುಳ್ಳಿರಿಸಿ ಹೇಳಿ: ಹೊಟ್ಟೆ ಹೊಲಿದಿಲ್ಲ, ಬೇಕೆಂದೇ ಹೊಲಿದಿಲ್ಲ, ಮೇಲೆ ಹಾಳೆ ಮತ್ತು ನಳಿಕೆ ಕಾಣುತ್ತವೆ, ಇನ್ನೂ ಎರಡು ಮೂರು ಸಲ ಥಿಯೇಟರ್‌ಗೆ ಹೋಗಬೇಕಾಗಬಹುದು. ಹೇಳದೆ ಒಳಗೆ ಕಳಿಸಿದರೆ ಅವರಿಗೆ ಕಾಣುವುದು ಅರ್ಧಕ್ಕೆ ಕೈಬಿಟ್ಟ ಆಪರೇಷನ್.

ಮರಳಿ ಥಿಯೇಟರ್‌ಗೆ

24–48 ಗಂಟೆಯೊಳಗೆ ಮರಳಿ. ಮೈ ಬೆಚ್ಚಗಿರಬೇಕು, ಲ್ಯಾಕ್ಟೇಟ್ ಇಳಿದಿರಬೇಕು, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) 1.5ರ ಹತ್ತಿರ ಬಂದಿರಬೇಕು. ಇವು ಸರಿಯಾದ ಮೇಲೂ ಥಿಯೇಟರ್ ಖಾಲಿಯಿಲ್ಲ, ನಾಳೆ ನೋಡೋಣ ಎಂದು ತಳ್ಳಿದರೆ ಗಂಟೆ ಗಂಟೆಗೂ ಫೇಶಿಯಾ ಕೂಡುವ ಸಾಧ್ಯತೆ ಇಳಿಯುತ್ತದೆ. ಈ ರೋಗಿಯನ್ನು ತುರ್ತು ಪಟ್ಟಿಯಲ್ಲೇ ಇಡಿ.

ಲಿವರ್ ಸುತ್ತಲ ಪ್ಯಾಕ್‌ಗಳನ್ನು ಬೇಗ ತೆಗೆದರೆ ಮತ್ತೆ ರಕ್ತ ಬರುತ್ತದೆ, 72 ಗಂಟೆ ಮೀರಿದರೆ ಸೋಂಕು ಹೆಚ್ಚುತ್ತದೆ. 36–48 ಗಂಟೆಯ ನಡುವೆ ತೆಗೆಯುವುದು ಒಳ್ಳೆಯ ಮಧ್ಯದಾರಿ. ಬೆಚ್ಚಗಿನ ಸಲೈನ್ ಸುರಿದು ನೆನೆಸಿ, ಒಂದೊಂದನ್ನೇ ಮೆಲ್ಲಗೆ ಬಿಡಿಸಿ, ಚಾರ್ಟ್‌ನ ಸಂಖ್ಯೆಗೆ ತಾಳೆ ನೋಡಿ.

ಆಮೇಲೆ ಇಡೀ ಹೊಟ್ಟೆಯನ್ನು ಹೊಸದಾಗಿ ನೋಡುವಂತೆ ನೋಡಿ. ಜೆಜುನಮ್ ಶುರುವಾಗುವ ಟ್ರೈಟ್ಜ್ ಲಿಗಮೆಂಟ್‌ನಿಂದ ರೆಕ್ಟಮ್‌ವರೆಗೆ ಕರುಳಿನ ಎರಡೂ ಮುಖ, ಕರುಳನ್ನು ಹಿಡಿದಿರುವ ಮೆಸೆಂಟರಿಯ ಅಂಚು, ಡ್ಯುಯೊಡಿನಮ್‌ನ ಹಿಂಭಾಗ, ಪ್ಯಾಂಕ್ರಿಯಾಸ್, ಡಯಾಫ್ರಾಮ್‌ನ ಎರಡೂ ಗುಮ್ಮಟ. ಮೊದಲ ಆಪರೇಷನ್‌ನ ಅವಸರದಲ್ಲಿ ತಪ್ಪಿಸಿಕೊಂಡ ಗಾಯಗಳು ಸಿಗುವುದು ಈ ಸುತ್ತಿನಲ್ಲೇ.

ಕರುಳು ಜೋಡಿಸುವುದಾದರೆ ಜೋಡಣೆಯನ್ನು ಗಾಯದ ಬಾಯಿಯ ಕೆಳಗೆ ಬಿಡಬೇಡಿ. ಉಳಿದ ಕರುಳಿನ ಸುರುಳಿಗಳ ಅಡಿಯಲ್ಲಿ, ಪಕ್ಕಕ್ಕೆ ಸರಿಸಿ ಹೂತಿಡಿ. ಗಾಳಿಗೆ ಮತ್ತು ಹೊದಿಕೆಗೆ ತೆರೆದುಕೊಂಡ ಜೋಡಣೆ ಸೋರುತ್ತದೆ. ರಕ್ತದೊತ್ತಡದ ಔಷಧಿ ಇನ್ನೂ ಜೋರಾಗಿ ಓಡುತ್ತಿದ್ದರೆ, ಕರುಳು ಬಹಳ ಊದಿದ್ದರೆ, ಅಥವಾ ಹೊಟ್ಟೆ ಮುಚ್ಚಲು ಐದು ದಿನಕ್ಕಿಂತ ಹೆಚ್ಚಾಗುವಂತಿದ್ದರೆ ಸ್ಟೋಮಾ ಹೆಚ್ಚು ಸುರಕ್ಷಿತ.

ಪ್ರತಿ ಸಲವೂ ಕೈಬೆರಳಿನಿಂದ ಕರುಳು ಮತ್ತು ಪಕ್ಕದ ಗೋಡೆಯ ನಡುವೆ ಹೊಸದಾಗಿ ಅಂಟಿದ್ದನ್ನು ಬಿಡಿಸಿ. ಹೊಟ್ಟೆಯ ಸ್ಥಿತಿಯನ್ನು ಬ್ಯೋರ್ಕ್ ವರ್ಗೀಕರಣದಂತೆ ಬರೆದಿಡಿ: 1 ಎಂದರೆ ಅಂಟಿಲ್ಲ, 2 ಅಂಟಲು ಶುರುವಾಗಿದೆ, 3 ಹೆಪ್ಪುಗಟ್ಟಿದಂತೆ ಒಂದಾಗಿದೆ, 4 ಫಿಸ್ಟುಲಾ ನೆಲೆಯಾಗಿದೆ. ಎ ಸ್ವಚ್ಛ, ಬಿ ಮಲಿನ, ಸಿ ಕರುಳು ಸೋರಿಕೆ. ಮೊನ್ನೆ 1ಎ, ಇಂದು 2ಬಿ ಎಂದರೆ ಕೈಯಲ್ಲಿರುವ ದಿನಗಳು ಕಡಿಮೆಯಾಗುತ್ತಿವೆ.

ಮುಚ್ಚುವುದು

ಎರಡೂ ಅಂಚುಗಳನ್ನು ಕೋಕರ್ ಕ್ಲ್ಯಾಂಪ್‌ನಿಂದ ಹಿಡಿದು ನಡುಗೆರೆಗೆ ತನ್ನಿ. ಅನೆಸ್ತೇಶಿಯಾದವರಿಗೆ ವಾಯುಮಾರ್ಗದ ಗರಿಷ್ಠ ಒತ್ತಡ ಓದಲು ಹೇಳಿ. ಅದು ಮೊದಲಿದ್ದ ಮಟ್ಟದಿಂದ 10 ಸೆಂಟಿಮೀಟರ್ ನೀರಿಗಿಂತ ಹೆಚ್ಚು ಏರಿದರೆ ಇಂದು ಪೂರ್ತಿ ಮುಚ್ಚುವ ದಿನವಲ್ಲ. ಬರಿಗೈಯಲ್ಲಿ ಮರಳಲೂಬೇಡಿ. ಮೇಲಿನ ತುದಿಯಿಂದ ಮತ್ತು ಕೆಳಗಿನ ತುದಿಯಿಂದ ಬಿಗಿತವಿಲ್ಲದೆ ಕೂಡುವಷ್ಟು, ಎರಡು ಮೂರು ಸೆಂಟಿಮೀಟರ್ ಆದರೂ ಸರಿ, ಹೊಲಿದು ನಡುಭಾಗಕ್ಕೆ ವ್ಯಾಕ್ಯೂಮ್ ಹಾಕಿ.

ಎರಡನೇ ಅಥವಾ ಮೂರನೇ ಸಲವೂ ಕೂಡದಿದ್ದರೆ ಫೇಶಿಯಾವನ್ನು ಎಳೆದು ಹಿಡಿಯುವ ವ್ಯವಸ್ಥೆ ಬೇಕು. ವ್ಯಾಕ್ಯೂಮ್ ಜೊತೆ ಮೆಶ್ (ಜಾಲರಿ) ಸೇರಿಸಿ ಎಳೆಯುವ ವಿಧಾನವನ್ನು ಸ್ವೀಡನ್‌ನ ಪೆಟರ್ಸನ್ ಮತ್ತು ತಂಡ 2007ರಲ್ಲಿ ಪ್ರಕಟಿಸಿತು. ಕರುಳಿನ ಮೇಲೆ ಒಳಹಾಳೆ ಹಾಸಿ, ಪಾಲಿಪ್ರೊಪಿಲೀನ್ ಮೆಶ್ ಅನ್ನು ಎರಡು ಹೋಳು ಮಾಡಿ ಎರಡೂ ಅಂಚಿಗೆ ಹೊಲಿದು, ನಡುವೆ ಬಿಗಿದು ಹೊಲಿಯುತ್ತಾರೆ. ಎರಡು ಮೂರು ದಿನಕ್ಕೊಮ್ಮೆ ನಡುಹೊಲಿಗೆ ಬಿಚ್ಚಿ, ಒಳಹಾಳೆ ಬದಲಿಸಿ, ಮೆಶ್ ಅನ್ನು ಇನ್ನಷ್ಟು ಬಿಗಿಯುತ್ತಾರೆ. ಕೊನೆಯ ದಿನ ಮೆಶ್ ಪೂರ್ತಿ ತೆಗೆದು ಫೇಶಿಯಾವನ್ನು ನೇರವಾಗಿ ಹೊಲಿಯುತ್ತಾರೆ. ಮೆಶ್ ಎಂದೂ ಬರಿಯ ಕರುಳಿಗೆ ತಾಗಬಾರದು.

ಕೊನೆಯ ಹೊಲಿಗೆಗೆ ನಿಧಾನವಾಗಿ ಕರಗುವ ಒಂಟಿ ಎಳೆಯ ದಾರ ಬಳಸಿ, ಸಾಲಾಗಿ ಹೊಲಿಯಿರಿ. ದಾರದ ಉದ್ದ ಗಾಯದ ಉದ್ದಕ್ಕಿಂತ ಕನಿಷ್ಠ ನಾಲ್ಕು ಪಟ್ಟು ಖರ್ಚಾಗಬೇಕು. 25 ಸೆಂಟಿಮೀಟರ್ ಗಾಯಕ್ಕೆ 100 ಸೆಂಟಿಮೀಟರ್ ದಾರ. ಕಡಿಮೆ ಖರ್ಚಾಗಿದ್ದರೆ ಹೊಲಿಗೆಗಳು ದೂರ ಬಿದ್ದಿವೆ ಅಥವಾ ಅತಿಯಾಗಿ ಬಿಗಿದಿವೆ. ಹೊಲಿಯುವ ಮುನ್ನ, ಲೆಕ್ಕ ಸರಿಯಿದೆ ಎಂದು ಎಲ್ಲರೂ ಹೇಳಿದರೂ, ಮೇಜಿನ ಮೇಲೆಯೇ ಹೊಟ್ಟೆಯ ಎಕ್ಸ್‌ರೇ ತೆಗೆಯಿರಿ. ಡಯಾಫ್ರಾಮ್‌ನಿಂದ ಪೆಲ್ವಿಸ್‌ವರೆಗೂ ಚಿತ್ರದಲ್ಲಿ ಬರಬೇಕು. ಮುಚ್ಚಿದ ಮೇಲೆ ಒಂದೆರಡು ದಿನ 4 ಗಂಟೆಗೊಮ್ಮೆ ಒಳಒತ್ತಡ ಅಳೆಯಿರಿ. 20 ದಾಟಿ ಮೂತ್ರ ನಿಂತರೆ ಮತ್ತೆ ಬಿಚ್ಚಲು ಹಿಂಜರಿಯಬೇಡಿ. ಸ್ಪ್ಲೀನ್ ತೆಗೆದ ರೋಗಿಗೆ ನ್ಯುಮೊಕಾಕಸ್, ಮೆನಿಂಗೊಕಾಕಸ್, ಹಿಮೊಫಿಲಸ್ ಲಸಿಕೆಗಳನ್ನು ಸಾಮಾನ್ಯವಾಗಿ 14ನೇ ದಿನ ಕೊಡುತ್ತಾರೆ. ಅಷ್ಟರಲ್ಲೇ ಮನೆಗೆ ಹೋಗುವಂತಿದ್ದರೆ ಕೊಟ್ಟೇ ಕಳಿಸಿ.

ಫಿಸ್ಟುಲಾ ಆದರೆ

ತೆರೆದ ಗಾಯದ ನಡುವೆ ಕರುಳು ತೂತಾಗಿ ನೇರವಾಗಿ ಹೊರಗೆ ಸುರಿಯುವುದು ಈ ದಾರಿಯ ಅತ್ಯಂತ ಕಠಿಣ ತಿರುವು. ಸುತ್ತ ಚರ್ಮವಿಲ್ಲ, ಮಾಂಸವಿಲ್ಲ, ತಾನಾಗಿ ಮುಚ್ಚಿಕೊಳ್ಳುವುದು ಅಪರೂಪ. ಹೆಪ್ಪುಗಟ್ಟಿದ ಹೊಟ್ಟೆಯಲ್ಲಿ ಆ ತೂತನ್ನು ಹೊಲಿಯಲು ಹೋದರೆ ದಾರ ಕತ್ತರಿಸಿಕೊಂಡು ಇನ್ನೂ ದೊಡ್ಡದಾಗುತ್ತದೆ. ಒಳಗೆ ಫೋಲಿ ನಳಿಕೆ ತೂರಿಸಿ ಬಲೂನ್ ಊದಿಸುವ ಆಸೆಯೂ ಬೇಡ, ಫಲ ಅದೇ.

ಮೊದಲು ಸಿಟಿ ಸ್ಕ್ಯಾನ್ ಮಾಡಿಸಿ ಒಳಗೆ ಕೀವು ನಿಂತಿದ್ದರೆ ಹೊರತೆಗೆಯಿರಿ. ಆಮೇಲೆ ಸೋರುವುದನ್ನು ಗಾಯದಿಂದ ಬೇರ್ಪಡಿಸಿ. ತೂತಿನ ಸುತ್ತ ಮೆದು ಉಂಗುರವೊಂದನ್ನು ಕೂರಿಸಿ ಮೇಲೆ ಸ್ಟೋಮಾ ಚೀಲ ಅಂಟಿಸಿ, ಉಳಿದ ಗಾಯಕ್ಕೆ ವ್ಯಾಕ್ಯೂಮ್ ಹಾಕಿದರೆ ಆ ಭಾಗ ಮಾಂಸ ತುಂಬಿಕೊಂಡು ತೆಳು ಚರ್ಮದ ಕಸಿಗೆ ಸಿದ್ಧವಾಗುತ್ತದೆ. ಕಸಿ ಹಿಡಿದ ಮೇಲೆ ಫಿಸ್ಟುಲಾ ಒಂದು ಸ್ಟೋಮಾದಂತಾಗಿ ಚೀಲ ನಿಲ್ಲುತ್ತದೆ. ದಿನಕ್ಕೆ 500 ಮಿ.ಲೀ.ಗಿಂತ ಹೆಚ್ಚು ಸೋರಿದರೆ ನೀರು, ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ದಿನವೂ ಅಳೆದು ತುಂಬಿ, ಲೋಪೆರಮೈಡ್ ಮತ್ತು ಆಮ್ಲ ತಗ್ಗಿಸುವ ಔಷಧಿ ಕೊಡಿ. ರಿಪೇರಿಗೆ ಆರರಿಂದ ಹನ್ನೆರಡು ತಿಂಗಳು ಕಾಯಬೇಕು, ಅಷ್ಟರಲ್ಲಿ ತೂಕ ಮತ್ತು ಪ್ರೋಟೀನ್ ಮಟ್ಟ ಮರಳಿರಬೇಕು.

ಮುಚ್ಚಲು ಆಗದೇ ಹೋದರೆ

ಎರಡು ಮೂರು ವಾರವಾದರೂ ಫೇಶಿಯಾ ಕೂಡದಿದ್ದರೆ, ಹೊಟ್ಟೆ ಮೂರನೇ ದರ್ಜೆಗೆ ಹೋಗಿದ್ದರೆ, ಬಲವಂತ ಮಾಡಬೇಡಿ. ಚರ್ಮ ಸಾಕಷ್ಟಿದ್ದರೆ ಚರ್ಮವನ್ನಷ್ಟೇ ಕೂಡಿಸಿ. ಇಲ್ಲದಿದ್ದರೆ ಕರಗುವ ಪಾಲಿಗ್ಲಾಕ್ಟಿನ್ ಮೆಶ್ ಹಾಕಿ, ಕೆಂಪು ಮಾಂಸ ತುಂಬಿದ ಮೇಲೆ ಚರ್ಮದ ಕಸಿ ಮಾಡಿ, ಹರ್ನಿಯಾವನ್ನು ಒಪ್ಪಿಕೊಳ್ಳಿ. 1990ರಲ್ಲಿ ರಾಮಿರೆಜ್ ವಿವರಿಸಿದ ಸ್ನಾಯು ಪದರ ಬಿಡಿಸುವ ಆಪರೇಷನ್ ಅನ್ನು ಈ ಊತದ, ಸೋಂಕಿನ ದಿನಗಳಲ್ಲಿ ಮಾಡಿ ಮುಗಿಸಬೇಡಿ. ಒಂದು ವರ್ಷದ ಮೇಲೆ ಹರ್ನಿಯಾ ಸರಿಪಡಿಸಲು ಅದೇ ಪದರಗಳು ಬೇಕು.

ಈ ರೋಗಿ ಹೊಟ್ಟೆಗೆ ಬೈಂಡರ್ ಕಟ್ಟಿಕೊಂಡು ನಡೆಯಬಹುದು, ಊಟ ಮಾಡಬಹುದು, ಮನೆಗೆ ಹೋಗಬಹುದು. ಪ್ರತಿ ಭೇಟಿಯಲ್ಲೂ ಕಸಿ ಮಾಡಿದ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಿ ನೋಡಿ. ಮೊದಲ ತಿಂಗಳುಗಳಲ್ಲಿ ಚರ್ಮ ಕರುಳಿಗೆ ಬಿಗಿಯಾಗಿ ಅಂಟಿರುತ್ತದೆ, ಚಿವುಟಲು ಸಿಗದು. ಆರು ತಿಂಗಳಿಂದ ವರ್ಷದೊಳಗೆ ಅದು ಸಡಿಲವಾಗಿ, ಕೆಳಗಿನ ಕರುಳಿನಿಂದ ಬೇರೆಯಾಗಿ ಮೇಲೇಳುತ್ತದೆ. ಹಾಗೆ ಎದ್ದ ದಿನ ಹರ್ನಿಯಾ ಆಪರೇಷನ್‌ಗೆ ತಾರೀಖು ಕೊಡಬಹುದು.